ಮೊದಲು ಕಿವಿ ಪಳಗಲಿ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಓದಿದೆ. ಪದವಿಗೆ ವಾಕ್ ಮತ್ತು ಶ್ರವಣ ವಿಜ್ಞಾನ ತೆಗೆದುಕೊಳ್ಳಲಾ ಅಂತ ಕೇಳಿದ್ದೀಯ. ನಿನ್ನ ಅಪ್ಪನೂ ಫೋನ್ ಮಾಡಿ, "ಅತ್ಲಾಗೆ ಡಾಕ್ಟರೂ ಅಲ್ಲ, ಇತ್ಲಾಗೆ ಟೀಚರೂ ಅಲ್ಲ, ಇವಳು ಏನಾಗ್ತಾಳೆ ಹೇಳು" ಅಂದ. ಅಣ್ಣನಿಗೆ ಫೋನಿನಲ್ಲೇ ಸಮಾಧಾನ ಹೇಳಿದ್ದೇನೆ. ನಿನಗೆ ಹೇಳಬೇಕಾದ್ದು ಸ್ವಲ್ಪ ಜಾಸ್ತಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ತಗೋ. ಇದೇ ಕೆಲಸದಲ್ಲಿ ಆಯುಸ್ಸು ಕಳೆದವಳು ಹೇಳುತ್ತಿದ್ದೇನೆ, ಧೈರ್ಯವಾಗಿ ತಗೋ. ಆದರೆ "ಜನರಿಗೆ ಸಹಾಯ ಮಾಡೋದು ನನಗಿಷ್ಟ" ಅಂತ ಬರೆದಿದ್ದೀಯಲ್ಲ, ಅದೊಂದೇ ಕಾರಣ ಸಾಲುವುದಿಲ್ಲ. ಆ ಮನಸ್ಸು ಬೇಕೇ ಬೇಕು. ಆದರೆ ಮೊದಲ ಒಂದೆರಡು ವರ್ಷ ನಿನ್ನ ಮುಂದಿರುವುದು ಹೆಚ್ಚಾಗಿ ಶಬ್ದದ ಅಲೆ, ಆವರ್ತನ, ನರ, ಸ್ನಾಯು, ಭಾಷಾಶಾಸ್ತ್ರ, ಸಂಖ್ಯಾಶಾಸ್ತ್ರ. ಎಷ್ಟೋ ಮಕ್ಕಳು ಇದನ್ನೆಲ್ಲ ಹಲ್ಲು ಕಚ್ಚಿ ಮುಗಿಸಿ, ಕ್ಲಿನಿಕ್ ಯಾವಾಗ ಬರುತ್ತದೋ ಅಂತ ಕಾಯುತ್ತಾರೆ. ನೀನು ಹಾಗೆ ಮಾಡಬೇಡ. ಕ್ಲಿನಿಕ್ಕಿನಲ್ಲಿ ಒಬ್ಬರ ಎದುರು ಕೂತಾಗ ಕೈಹಿಡಿಯುವುದು ಅದೇ ಪಾಠಗಳು.

ಹೇಗೆ ಅಂತ ಒಂದನ್ನು ಬಿಡಿಸಿ ಹೇಳುತ್ತೇನೆ. ವಯಸ್ಸಾದವರು ಬಂದು "ಕೇಳ್ಸುತ್ತೆ, ಆದ್ರೆ ಏನಂದ್ರು ಅಂತ ಗೊತ್ತಾಗಲ್ಲ" ಅನ್ನುತ್ತಾರೆ. ಮನೆಯವರಿಗೆ ಸಿಟ್ಟು. ಬೇಕಾದ್ದು ಮಾತ್ರ ಕೇಳಿಸುತ್ತೆ ಇವರಿಗೆ ಅಂತ ದೂರು. ಅವರ ಆಡಿಯೋಗ್ರಾಮ್, ಅಂದರೆ ಕಿವಿ ಪರೀಕ್ಷೆಯ ನಕ್ಷೆ, ನೋಡು. ಅಡ್ಡಕ್ಕೆ 250ರಿಂದ 8000 ಹರ್ಟ್ಜ್‌ವರೆಗೆ ಆವರ್ತನ, ಅಂದರೆ ಸದ್ದು ಎಷ್ಟು ದಪ್ಪ, ಎಷ್ಟು ಕೀರಲು ಅನ್ನುವುದು. ಮೇಲಿನಿಂದ ಕೆಳಕ್ಕೆ ಡೆಸಿಬಲ್, ಅಂದರೆ ಸದ್ದಿನ ಜೋರು; ಗೆರೆ ಕೆಳಗಿಳಿದಷ್ಟೂ ಕಿವಿ ಮಂದ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು. ಗೆರೆ ತಗ್ಗಿನ ಆವರ್ತನದಲ್ಲಿ ಚೆನ್ನಾಗಿ ಮೇಲೇ ಇರುತ್ತದೆ. 2000 ಹರ್ಟ್ಜ್ ದಾಟುತ್ತಿದ್ದಂತೆ ಜರ್ರನೆ ಇಳಿಯುತ್ತದೆ. ಸ್ವರಗಳ ಬಲವೆಲ್ಲ ಹೆಚ್ಚಾಗಿ ತಗ್ಗಿನ ಕಡೆ ಇರುವುದರಿಂದ ದನಿ ಕಿವಿಗೆ ಬೀಳುತ್ತದೆ. ಆದರೆ 'ಸ', 'ಶ' ಥರದ ಅಕ್ಷರಗಳ ಶಬ್ದ ಇರುವುದೇ ಮೇಲಿನ ಆವರ್ತನದಲ್ಲಿ. ಬೇರೆ ಎಷ್ಟೋ ವ್ಯಂಜನಗಳು ತೀರಾ ಮೆಲು, ಕ್ಷಣದಲ್ಲಿ ಆಗಿಹೋಗುತ್ತವೆ. ಸಾಲು, ಹಾಲು, ಪಾಲು, ಕಾಲು ನಾಲ್ಕೂ ಅವರಿಗೆ ಬರೀ 'ಆಲು' ಥರ ಕೇಳಿಸಬಹುದು. ಜೋರಾಗಿ ಕೂಗಿದರೆ ದೊಡ್ಡದಾಗುವುದು ಆ 'ಆ' ತಾನೇ! ಅದಕ್ಕೇ ಕೂಗಿದರೂ ಪ್ರಯೋಜನ ಕಡಿಮೆ. ಆ ಗೆರೆಯ ಮೇಲೆ ಬೆರಳಿಟ್ಟು ಮಗನಿಗೋ ಸೊಸೆಗೋ ಇದನ್ನು ವಿವರಿಸು. ಎದುರಿಗೆ ಬಂದು, ಮುಖ ಕಾಣುವ ಹಾಗೆ, ನಿಧಾನವಾಗಿ ಮಾತಾಡಿ ಅಂತ ಹೇಳು. ಕಿವಿ ಮೆಷಿನ್ ಹಾಕುವ ಮೊದಲೇ ಆ ಮನೆಯ ಅರ್ಧ ಜಗಳ ನಿಂತಿರುತ್ತದೆ. ಅದನ್ನು ನಿಲ್ಲಿಸಿದ್ದು ನಿನ್ನ ಅಕೌಸ್ಟಿಕ್ಸ್, ಅಂದರೆ ಶಬ್ದವಿಜ್ಞಾನದ ಪಾಠ.

ಒಳಗಿವಿಯ ಬಗ್ಗೆ ಓದುವಾಗ ಅವಸರ ಮಾಡಬೇಡ. ಕಾಕ್ಲಿಯ ಅನ್ನುವುದು ಬಸವನಹುಳುವಿನ ಚಿಪ್ಪಿನ ಹಾಗೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ ಕೊಳವೆ. ಬಿಚ್ಚಿದರೆ ಸುಮಾರು 35 ಮಿಲಿಮೀಟರ್. ಅದರ ಬುಡ ಎತ್ತರದ ಆವರ್ತನಕ್ಕೆ, ತುದಿ ತಗ್ಗಿನ ಆವರ್ತನಕ್ಕೆ. ಒಳಗೆ ಅಲೆ ಹೇಗೆ ಸಾಗುತ್ತದೆ ಅಂತ ತೋರಿಸಿದ್ದಕ್ಕೆ ವಿಜ್ಞಾನಿ ಗೇಯಾರ್ಗ್ ಫಾನ್ ಬೇಕೇಶಿ ಅವರಿಗೆ 1961ರಲ್ಲಿ ನೊಬೆಲ್ ಬಂತು. ಅದಕ್ಕಿಂತ ನನಗೆ ಹೆಚ್ಚು ಬೆರಗು ತಂದದ್ದು ಬ್ರಿಟನ್ನಿನ ವಿಜ್ಞಾನಿ ಡೇವಿಡ್ ಕೆಂಪ್ 1978ರಲ್ಲಿ ಪ್ರಕಟಿಸಿದ ಸಂಗತಿ. ಆರೋಗ್ಯವಂತ ಕಿವಿ ತಾನೇ ಸಣ್ಣಗೆ ಸದ್ದು ಹೊರಡಿಸುತ್ತದೆ! ಮಲಗಿರುವ ಹಸುಗೂಸಿನ ಕಿವಿಯಲ್ಲಿ ಪುಟ್ಟ ಮೈಕ್ ಇಟ್ಟು ಆ ಸದ್ದನ್ನು ಹಿಡಿಯುತ್ತೇವೆ. ಸದ್ದು ಬಂದರೆ ಕಾಕ್ಲಿಯದಲ್ಲಿ ಸದ್ದಿಗೆ ಸ್ಪಂದಿಸುವ ಹೊರ ರೋಮಕೋಶಗಳು ಕೆಲಸ ಮಾಡುತ್ತಿವೆ ಅಂತ ಅರ್ಥ. ಬರದಿದ್ದರೆ ಮುಂದಿನ ಪರೀಕ್ಷೆ. ಮಗು ಏನೂ ಹೇಳಬೇಕಾಗಿಲ್ಲ. ಇವತ್ತಿಗೂ ಆ ಮೆಷಿನ್ ಆನ್ ಮಾಡಿದಾಗ ನನಗೆ ಖುಷಿಯಾಗುತ್ತದೆ.

ಧ್ವನಿಶಾಸ್ತ್ರ ಕಷ್ಟ ಅಂತ ಸೀನಿಯರ್‌ಗಳು ಹೆದರಿಸಿದ್ದಾರೆ ಅಂದೆ. ನೀನು ಕನ್ನಡ ವರ್ಣಮಾಲೆ ಕಲಿತವಳು, ನಿನಗೇನು ಹೆದರಿಕೆ? ಕ, ಚ, ಟ, ತ, ಪ ಅಂತ ನಿಧಾನವಾಗಿ ಹೇಳಿ ನೋಡು. ಗಂಟಲ ಹತ್ತಿರ ಶುರುವಾದದ್ದು ಮೆಲ್ಲಗೆ ಮುಂದೆ ಬಂದು ತುಟಿಯಲ್ಲಿ ನಿಲ್ಲುತ್ತದೆ. ಗಂಟಲ ಮೇಲೆ ಬೆರಳಿಟ್ಟು 'ಸ್‌ಸ್‌ಸ್' ಅನ್ನು, ಆಮೇಲೆ 'ಮ್‌ಮ್‌ಮ್' ಅನ್ನು. ಎರಡನೆಯದರಲ್ಲಿ ಬೆರಳಿಗೆ ನಡುಕ ತಿಳಿಯುತ್ತೆ, ಅಲ್ವಾ? ಬಾಯಿಯ ಮುಂದೆ ಕೈ ಹಿಡಿದು 'ಪ'ಗೂ ಮಹಾಪ್ರಾಣಕ್ಕೂ ಉಸಿರು ಎಷ್ಟು ಬೇರೆ ಅಂತ ನೋಡು. ಇಷ್ಟು ಗೊತ್ತಿದ್ದವರಿಗೆ ಮೊದಲ ಸೆಮಿಸ್ಟರಿನ ಪಾಠ ಹಳೆಯ ಪರಿಚಯವೇ. ಕಷ್ಟ ಇರುವುದು ಕಿವಿ ಪಳಗಿಸುವುದರಲ್ಲಿ. ನಾವು ಕೇಳುವುದು ಅರ್ಥವನ್ನು. ಮಗು 'ಕಾರು' ಅನ್ನುವ ಕಡೆ 'ಕಾಲು' ಅಂದರೂ ನಮ್ಮ ತಲೆ 'ಕಾರು' ಅಂತ ತಿದ್ದಿಕೊಂಡುಬಿಡುತ್ತದೆ. ಥೆರಪಿಸ್ಟ್ ಆದವಳು ತಿದ್ದಿಕೊಳ್ಳದೆ, ಬಾಯಿಂದ ಬಂದದ್ದನ್ನು ಬಂದ ಹಾಗೇ ಬರೆಯಬೇಕು. ದಿನಾ ಸ್ವಲ್ಪ ಹೊತ್ತು ಯಾರದಾದರೂ ಮಾತು ರೆಕಾರ್ಡ್ ಮಾಡಿ, ಅವರನ್ನು ಕೇಳಿಯೇ ಮಾಡು ಮತ್ತೆ, ಒಂದೊಂದು ಸದ್ದಿಗೂ ಒಂದೊಂದು ಗುರುತಿರುವ ಅಂತರರಾಷ್ಟ್ರೀಯ ಧ್ವನಿ ಲಿಪಿಯಲ್ಲಿ ಬರೆದುಕೋ. ಇದಕ್ಕೆ ಅಡ್ಡದಾರಿ ಇಲ್ಲ.

ತೊಂದರೆಗಳ ಪಾಠಕ್ಕಿಂತ ಮೊದಲು ಮಕ್ಕಳ ಸಹಜ ಬೆಳವಣಿಗೆಯನ್ನು ಅರೆದು ಕುಡಿ. ಸುಮಾರು ಒಂದು ವರ್ಷಕ್ಕೆ ಮೊದಲ ಪದ, ಎರಡರ ಹೊತ್ತಿಗೆ ಎರಡು ಪದ ಜೋಡಿಸುವುದು, 'ರ' ಇನ್ನೂ ತಡ. ಯಾವುದು ಸಹಜ ಅಂತ ಗೊತ್ತಿಲ್ಲದವರು ತಾಯಂದಿರನ್ನು ಸುಮ್ನೆ ಹೆದರಿಸುತ್ತಾರೆ. ಇಲ್ಲವೇ "ಬರುತ್ತೆ ಬಿಡಿ" ಅಂತ ಹೇಳಿ ಬೆಲೆಬಾಳುವ ತಿಂಗಳುಗಳನ್ನು ಕಳೆಯುತ್ತಾರೆ. ಎರಡನೆಯದು ಹೆಚ್ಚು ಅಪಾಯ.

ಮಿದುಳಿನ ಪಾಠದಲ್ಲಿ ಫ್ರಾನ್ಸಿನ ವೈದ್ಯ ಬ್ರೋಕಾ ಬರುತ್ತಾನೆ. 1861ರಲ್ಲಿ ಅವನು ನೋಡಿದ ರೋಗಿಯ ಬಾಯಲ್ಲಿ ಹೊರಡುತ್ತಿದ್ದದ್ದು ಹೆಚ್ಚುಕಡಿಮೆ "ಟ್ಯಾನ್" ಅನ್ನುವುದೊಂದೇ. ಮಾತು ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಪಾರ್ಶ್ವವಾಯು ಆದಮೇಲೆ ಇಂಥವರು ನಿನ್ನ ಹತ್ತಿರ ಬರುತ್ತಾರೆ. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯುವುದನ್ನು ಕಲಿ. ಪದ ಅವರ ನಾಲಿಗೆಯ ತುದಿಗೆ ಬರುವಷ್ಟರಲ್ಲಿ ನೀನೇ ಹೇಳಿಬಿಟ್ಟರೆ ಅವರ ಪ್ರಯತ್ನವನ್ನೇ ಕಿತ್ತುಕೊಂಡ ಹಾಗೆ. ಉಗ್ಗುವವರ ಜೊತೆಗೂ ಅಷ್ಟೇ. ಅವರ ವಾಕ್ಯ ಅವರೇ ಮುಗಿಸಲಿ.

ನುಂಗುವ ತೊಂದರೆಯೂ ನಮ್ಮ ಕೆಲಸವೇ ಅಂತ ತಿಳಿದಾಗ ಬಹಳ ಜನಕ್ಕೆ ಆಶ್ಚರ್ಯ. ಗಂಟಲು ಒಂದೇ, ಮಾತಿಗೂ ಅನ್ನಕ್ಕೂ. ಆಹಾರ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯ ಆಗಬಹುದು, ಜೀವಕ್ಕೇ ಅಪಾಯ. ಆ ಪಾಠವನ್ನು ಹಗುರವಾಗಿ ತಗೋಬೇಡ.

ಇನ್ನೊಂದು ಮಾತು. ಕಿವಿ ಕೇಳದವರನ್ನೆಲ್ಲ ರಿಪೇರಿ ಮಾಡಬೇಕಾದವರು ಅಂತ ನೋಡಬೇಡ. ಸನ್ನೆ ಭಾಷೆಗೂ ತನ್ನದೇ ವ್ಯಾಕರಣ ಇದೆ ಅಂತ ಭಾಷಾವಿಜ್ಞಾನಿ ವಿಲಿಯಂ ಸ್ಟೋಕೀ 1960ರಲ್ಲೇ ಅಮೆರಿಕದ ಸನ್ನೆ ಭಾಷೆಯನ್ನು ಇಟ್ಟುಕೊಂಡು ತೋರಿಸಿದರು. ಪದವಿ ಮುಗಿಯುವಷ್ಟರಲ್ಲಿ ಒಂದು ಸನ್ನೆ ಭಾಷೆಯನ್ನಾದರೂ, ಅದನ್ನು ದಿನಾ ಬಳಸುವವರಿಂದಲೇ ಕಲಿ. ಕೋರ್ಸಿನಲ್ಲಿ ಇಲ್ಲದಿದ್ದರೂ ಕಲಿ. ಇದು ನನ್ನ ಹಟ ಅಂತಲೇ ಇಟ್ಟುಕೋ.

ಅಣ್ಣನ ಚಿಂತೆಗೂ ಅರ್ಥ ಇದೆ. ಬರೀ ಪದವಿ ಎಲ್ಲ ಕಡೆಯೂ ಕೆಲಸಕ್ಕೆ ಪರವಾನಗಿ ಕೊಡುವುದಿಲ್ಲ. ಕೆಲವು ದೇಶಗಳಲ್ಲಿ ಪದವಿಯೊಳಗೇ ಕ್ಲಿನಿಕಲ್ ತರಬೇತಿ ಸೇರಿರುತ್ತದೆ, ಮುಗಿಸಿ ನೋಂದಣಿ ಮಾಡಿಸಿಕೊಂಡರೆ ಆಯಿತು. ಅಮೆರಿಕದಲ್ಲಿ ಹಾಗಲ್ಲ. ಸ್ಪೀಚ್ ಥೆರಪಿಗೆ ಮಾಸ್ಟರ್ಸ್ ಬೇಕು, ಹೊಸದಾಗಿ ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞ, ಆಗುವವರಿಗೆ ಡಾಕ್ಟರೇಟ್ ಬೇಕು. ಎಲ್ಲಿ ಕೆಲಸ ಮಾಡುತ್ತೀಯೋ ಅಲ್ಲಿಯ ನಿಯಮವನ್ನು ಸೇರುವ ಮೊದಲೇ ಓದಿಕೋ. ಕ್ಲಿನಿಕ್ ಬೇಡ ಅನ್ನಿಸಿದರೂ ದಾರಿ ಮುಚ್ಚುವುದಿಲ್ಲ. ಕಿವಿ ಮೆಷಿನ್ ತಯಾರಿಕೆ, ಮಾತು ಗುರುತಿಸುವ ತಂತ್ರಜ್ಞಾನ, ಸಂಶೋಧನೆ, ವಿಶೇಷ ಶಿಕ್ಷಣ ಎಲ್ಲಕ್ಕೂ ಈ ಓದು ಬುನಾದಿ.

ಸದ್ಯಕ್ಕೆ ಎರಡು ಕೆಲಸ ಮಾಡು. ಯಾವುದಾದರೂ ಕ್ಲಿನಿಕ್ಕಿನಲ್ಲಿ ಅನುಮತಿ ಕೇಳಿ ಒಂದು ಪೂರ್ತಿ ದಿನ ಮೂಲೆಯಲ್ಲಿ ಕೂತು ನೋಡು. ಒಂದೇ ಅಕ್ಷರವನ್ನು ಒಂದು ಮಗು ಮತ್ತೆ ಮತ್ತೆ ಹೇಳುವುದನ್ನು ಕೇಳುತ್ತಾ ನಿನಗೆ ಬೇಸರ ಬರುತ್ತದೋ, ಕುತೂಹಲ ಹುಟ್ಟುತ್ತದೋ ನನಗೆ ಬರೆದು ತಿಳಿಸು. ಜೊತೆಗೆ ಕಾಲೇಜಿನ ಪಠ್ಯಪಟ್ಟಿ ಕಳಿಸು. ಕ್ಲಿನಿಕ್ ಅಭ್ಯಾಸ ಯಾವ ವರ್ಷ ಶುರು, ಎಷ್ಟು ಗಂಟೆ, ಮೇಲೆ ನೋಡಿಕೊಳ್ಳುವವರು ಯಾರು ಅಂತ ನಾನು ನೋಡಿ ಹೇಳುತ್ತೇನೆ.

ನಿನ್ನ ಪ್ರೀತಿಯ
ಅತ್ತೆ