ಅತ್ತೆಯವರ ಕಲ್ಲಿನ ಆಪರೇಷನ್: ಮಗಳಿಗೊಂದು ಪತ್ರ

ದಾವಣಗೆರೆ

ಚಿ. ಸೌ. ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿಮ್ಮತ್ತೆಯವರ ಕಿಡ್ನಿ ಕಲ್ಲು ತೆಗೆದ ರಾತ್ರಿ ಮಂಚದ ಪಕ್ಕ ಕೂರುವವಳು ನೀನು. ಕಲ್ಲಿನ ವಿಷಯ ಡಾಕ್ಟರು ಹೇಳಿದ್ದಾರೆ. ನಾನು ಹೃದಯದ ವಿಷಯ ಬರೆಯುತ್ತೇನೆ.

ಆಪರೇಷನ್ ಆದಮೇಲೆ ನೋವು, ಹೆದರಿಕೆ, ನಡುಕ, ಸೋಂಕು ಸೇರಿ ರಕ್ತದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಒಮ್ಮೆಲೇ ಏರಿದರೆ, ಅಪರೂಪಕ್ಕೆ ಹೃದಯದ ಎಡ ಕೆಳಕೋಣೆಯ ತುದಿ ಮಂಕಾಗಿ ಬಲೂನಿನಂತೆ ಉಬ್ಬಿಕೊಳ್ಳುತ್ತದೆ. 1990ರಲ್ಲಿ ಜಪಾನಿನ ವೈದ್ಯರು ಇದಕ್ಕೆ ಟಕೊಟ್ಸುಬೊ ಎಂದು ಹೆಸರಿಟ್ಟರು. ಇದು ಬರುವವರಲ್ಲಿ ಹೆಚ್ಚಿನವರು ಮುಟ್ಟು ನಿಂತ ಹೆಂಗಸರು. ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಮೊದಲು ಮೂತ್ರದ ಪೈಪು ನೋಡು. ತೊಡೆಯ ಕೆಳಗೆ ಮಡಚಿದರೆ, ರಕ್ತದ ಗಡ್ಡೆ ಕಟ್ಟಿದರೆ ಮೂತ್ರಚೀಲ ಉಬ್ಬಿ ಜೀವ ಹಿಂಡುತ್ತದೆ, ಬಿಪಿ ಏರುತ್ತದೆ. ಬ್ಯಾಗು ಹೊಟ್ಟೆಗಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. 60 ಕೆಜಿ ತೂಕದವರಿಗೆ ಗಂಟೆಗೆ ಕನಿಷ್ಠ 30 ಎಂಎಲ್ ಮೂತ್ರ ಬರಬೇಕು. ಬೆನ್ನಿನಲ್ಲೂ ಪೈಪಿದ್ದರೆ ಎರಡನ್ನೂ ಕೂಡಿಸಿ ಬರೆ. ಕಡಿಮೆಯಾದರೆ ನೀನೇ ಎಳೆಯಬೇಡ, ಸಿಸ್ಟರನ್ನು ಕರೆ. ನೋವಿದೆ ಅಂದರೆ ಬೆಳಗಾಗಲಿ ಅನ್ನದೆ ಆಗಲೇ ಔಷಧಿ ಕೇಳು. ಚಳಿ ಬಂದರೆ ಹೊದಿಸು, ಜ್ವರವನ್ನೂ ನೋಡಿಸು. ಕಲ್ಲಿನ ಆಪರೇಷನ್ ಆದವರಿಗೆ ನಡುಗುವ ಜ್ವರ ಸೋಂಕಿನ ಗುರುತಾಗಿರಬಹುದು.

ಎದೆ ಹಿಡಿದರೆ, ಉಸಿರು ಸಿಕ್ಕದಿದ್ದರೆ, ತಣ್ಣನೆ ಬೆವರಿದರೆ, "ಗ್ಯಾಸು", "ಟೆನ್ಷನ್ನು" ಅಂತ ಯಾರೂ ತೀರ್ಮಾನಿಸಬಾರದು. ಹತ್ತು ನಿಮಿಷದೊಳಗೆ ಇಸಿಜಿ ಆಗಲಿ, ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಆಗಲಿ. ಟಕೊಟ್ಸುಬೊ ಆಗಿದ್ದರೂ ಇವೆರಡೂ ಹಾರ್ಟ್ ಅಟ್ಯಾಕ್‌ನ ಹಾಗೇ ತೋರಿಸುತ್ತವೆ. ಉಬ್ಬಿದ್ದು ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ ಕಾಣುತ್ತದೆ. ರಕ್ತನಾಳ ಕಟ್ಟಿಲ್ಲ ಅನ್ನುವುದು ಆಂಜಿಯೋಗ್ರಾಂನಲ್ಲಿ ಖಾತ್ರಿಯಾಗುತ್ತದೆ. ಅಲ್ಲಿಯವರೆಗೆ ಅಟ್ಯಾಕ್ ಎಂದೇ ನೋಡುತ್ತಾರೆ, ಅದೇ ಸರಿ.

ಕಷ್ಟ ಇರುವುದು ಮುಂದೆ. ಬಿಪಿ ಬಿದ್ದಾಗ ಕೊಡುವ ಕೆಲವು ಇಂಜೆಕ್ಷನ್‌ಗಳು ಅಡ್ರಿನಲಿನ್ ಜಾತಿಯವು. ಟಕೊಟ್ಸುಬೊದಲ್ಲಿ ಹೃದಯದ ಬುಡ, ಅಂದರೆ ಆ ಕೋಣೆಯ ಮೇಲ್ಭಾಗ, ಜೋರಾಗಿ ಹಿಂಡುತ್ತಿರುತ್ತದೆ, ಇವು ಸೇರಿದರೆ ರಕ್ತ ಹೊರಹೋಗುವ ದಾರಿಯೇ ಇಕ್ಕಟ್ಟಾಗಬಹುದು. ಹಾಗಾಗಿ ಎಕೋ ಬೇಗ ಆಗಬೇಕು. ಉಬ್ಬಿದ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟುವುದೂ ಉಂಟು. ಅದಕ್ಕೆ ರಕ್ತ ತೆಳುಮಾಡುವ ಔಷಧಿ ಬೇಕು, ಆದರೆ ಹಸಿ ಗಾಯದ ಕಿಡ್ನಿಯಿಂದ ರಕ್ತ ಹರಿಯುವ ಭಯ. ಯೂರಾಲಜಿ ಡಾಕ್ಟರೂ ಹೃದಯದ ಡಾಕ್ಟರೂ ಕೂತು ಮಾತಾಡಿದರಾ ಅಂತ ಸಂಕೋಚವಿಲ್ಲದೆ ಕೇಳು. ಸರಿಯಾಗಿ ನೋಡಿಕೊಂಡರೆ ಹೆಚ್ಚಿನವರ ಹೃದಯ ಕೆಲವು ವಾರಗಳಲ್ಲಿ ಮೊದಲಿನಂತಾಗುತ್ತದೆ. ಆಗ ಮತ್ತೊಂದು ಎಕೋ ತಪ್ಪಿಸಬೇಡ.

ಅವರು ಮೆಟೊಪ್ರೊಲಾಲ್‌ನಂಥ ಬಿಪಿ ಮಾತ್ರೆ ನುಂಗುತ್ತಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಹಳೆಯ ಇಸಿಜಿ ಮನೆಯಲ್ಲಿದ್ದರೆ ಅಡ್ಮಿಟ್ ಆಗುವ ದಿನವೇ ಫೈಲಿನಲ್ಲಿಟ್ಟುಕೋ. ಹೋಲಿಸಿ ನೋಡಲು ಅದು ಬೇಕಾಗುತ್ತದೆ.

ನಿನ್ನ ಅಮ್ಮ