ಹರಾಜು ತಾಣದ ಲಿಸ್ಟಿಂಗ್ ಸಂಖ್ಯೆ: ಏರಿದ್ದೆಲ್ಲ ಬೆಳವಣಿಗೆಯಲ್ಲ

ಮಾನ್ಯ ಸಂಪಾದಕರೇ,

ಆನ್‌ಲೈನ್ ಹರಾಜು ತಾಣಗಳ ಬಗ್ಗೆ ಸುದ್ದಿ ಬಂದಾಗಲೆಲ್ಲ ಜೊತೆಗೊಂದು ಅಂಕಿಯೂ ಬರುತ್ತದೆ: ಈ ತಾಣದಲ್ಲಿ ಇವತ್ತು ಇಷ್ಟು ಸಾವಿರ ವಸ್ತುಗಳು ಮಾರಾಟಕ್ಕಿವೆ, ಅಂದರೆ ಇಷ್ಟು ಸಾವಿರ ಲಿಸ್ಟಿಂಗ್‌ಗಳಿವೆ ಎಂದು. ಹೋದ ತಿಂಗಳಿಗಿಂತ ಹೆಚ್ಚಿದ್ದರೆ ತಾಣ ಬೆಳೆಯುತ್ತಿದೆ ಎನ್ನುತ್ತಾರೆ, ಕಡಿಮೆಯಿದ್ದರೆ ಬಾಗಿಲು ಹಾಕುವ ದಿನ ಹತ್ತಿರ ಬಂತು ಎನ್ನುತ್ತಾರೆ. ಕೆಲವೇ ಸಾವಿರ ಮಾರಾಟಗಾರರಿರುವ ಸಣ್ಣ ತಾಣಗಳ ಮಟ್ಟಿಗೆ ಈ ತೀರ್ಮಾನ ಬಹಳ ಸಲ ತಲೆಕೆಳಗಾಗಿರುತ್ತದೆ. ಅಲ್ಲಿ ಮಾರಾಟ ಸುಧಾರಿಸಿದಾಗಲೇ ಸಂಖ್ಯೆ ಇಳಿಯುವುದುಂಟು, ಕೊಳ್ಳುವವರು ದೂರವಾದಾಗ ಏರುವುದುಂಟು. ಹೇಗೆ ಎಂಬುದನ್ನು ಲೆಕ್ಕ ಸಮೇತ ತಿಳಿಸಲೆಂದು ಈ ಪತ್ರ.

ತಾಣದ ಮುಖಪುಟದಲ್ಲಿ ಕಾಣುವ ಸಂಖ್ಯೆ ಕೆರೆಯ ನೀರಿನ ಮಟ್ಟವಿದ್ದ ಹಾಗೆ. ದಿನಕ್ಕೆ ಎಷ್ಟು ಬರುತ್ತದೆ ಎನ್ನುವುದರ ಜೊತೆಗೆ ಬಂದದ್ದು ಎಷ್ಟು ದಿನ ನಿಲ್ಲುತ್ತದೆ ಎನ್ನುವುದೂ ಅದರಲ್ಲಿ ಸೇರಿರುತ್ತದೆ. ದಿನಕ್ಕೆ 500 ಹೊಸ ವಸ್ತುಗಳು ಬಂದು ಒಂದೊಂದೂ 7 ದಿನ ಹರಾಜಿನಲ್ಲಿದ್ದರೆ, ಯಾವಾಗ ನೋಡಿದರೂ 3,500 ಕಾಣುತ್ತವೆ. ಈಗ ತಾಣದವರು ಲಿಸ್ಟಿಂಗ್ ಫಾರಂನಲ್ಲಿ ಮೊದಲೇ ಆಯ್ಕೆಯಾಗಿ ಬರುವ ಅವಧಿಯನ್ನು 7ರಿಂದ 10 ದಿನಕ್ಕೆ ಬದಲಿಸಿದರು, ಯಾರೂ ಅದನ್ನು ತಿದ್ದಲು ಹೋಗಲಿಲ್ಲ ಎಂದಿಟ್ಟುಕೊಳ್ಳಿ. ಮೊದಲ ಏಳು ದಿನ ಏನೂ ಆಗುವುದಿಲ್ಲ. ಹಳೆಯವು ದಿನಕ್ಕೆ 500ರಂತೆ ಮುಗಿಯುತ್ತಲೇ ಇರುತ್ತವೆ. ಎಂಟನೇ ದಿನದಿಂದ ಮೂರು ದಿನ ಯಾವುದೂ ಮುಗಿಯುವುದಿಲ್ಲ, ಹೊಸವು ಮಾತ್ರ ಬಂದು ಸೇರುತ್ತವೆ. 4,000, ಆಮೇಲೆ 4,500, ಆಮೇಲೆ 5,000. ಹನ್ನೊಂದನೇ ದಿನದಿಂದ ಸಂಖ್ಯೆ ಅಲ್ಲೇ ನಿಲ್ಲುತ್ತದೆ. ಒಬ್ಬ ಹೊಸ ಮಾರಾಟಗಾರನೂ ಸೇರದೆ ಮೂರು ದಿನದಲ್ಲಿ ಶೇ 43ರಷ್ಟು ಏರಿಕೆ! ಬದಲಾವಣೆ ಮಾಡಿದ ಒಂದು ವಾರದ ನಂತರ ಏರಿಕೆ ಶುರುವಾಗುವುದರಿಂದ, ಗ್ರಾಫ್ ನೋಡಿದವರಿಗೆ ಎರಡಕ್ಕೂ ಇರುವ ನಂಟು ಹೊಳೆಯುವುದೇ ಇಲ್ಲ. ಅವಧಿಯನ್ನು 7ರಿಂದ 5 ದಿನಕ್ಕೆ ಇಳಿಸಿದರೆ ಇದೇ ಆಟ ಉಲ್ಟಾ: ಆರನೇ ಮತ್ತು ಏಳನೇ ದಿನ ಹಳೆಯವೂ ಹೊಸವೂ ಒಟ್ಟಿಗೆ ಮುಗಿದು, ಎರಡೇ ದಿನದಲ್ಲಿ ಸಂಖ್ಯೆ 2,500ಕ್ಕೆ ಬೀಳುತ್ತದೆ.

ಇದಕ್ಕಿಂತ ದೊಡ್ಡ ಕಾರಣ ರಿಲಿಸ್ಟ್. ಮಾರಾಟವಾಗದ ವಸ್ತು ತಾನಾಗಿಯೇ ಮತ್ತೆ ಹರಾಜಿಗೆ ಬರುವ ಸೌಲಭ್ಯವನ್ನು ಬಹಳಷ್ಟು ಸಣ್ಣ ತಾಣಗಳು ಉಚಿತವಾಗಿ ಕೊಡುತ್ತವೆ. ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ: ದಿನಕ್ಕೆ 500, ಅವಧಿ 7 ದಿನ. ಮುಗಿದ ನೂರು ಹರಾಜುಗಳಲ್ಲಿ 8 ಮಾತ್ರ ಮಾರಾಟವಾಗುತ್ತಿವೆ, ಉಳಿದವು ಮೂರು ಸಲದವರೆಗೆ ತಾವಾಗಿಯೇ ಮರಳಿ ಬರುತ್ತವೆ ಎನ್ನೋಣ. ಆಗ ಒಂದು ವಸ್ತು ಸರಾಸರಿ 3.5 ಸಲ ಹರಾಜಿಗೆ ಕೂರುತ್ತದೆ, ಮುಖಪುಟದ ಸಂಖ್ಯೆ ಸುಮಾರು 12,400 ಆಗುತ್ತದೆ. ಅದೇ ತಾಣಕ್ಕೆ ಒಳ್ಳೆಯ ಕಾಲ ಬಂದು ನೂರರಲ್ಲಿ 40 ಮಾರಾಟವಾಗತೊಡಗಿದರೆ? ಒಂದು ವಸ್ತು ಸರಾಸರಿ 2.2 ಸಲ ಕೂರುತ್ತದೆ, ಸಂಖ್ಯೆ ಸುಮಾರು 7,600ಕ್ಕೆ ಇಳಿಯುತ್ತದೆ. ಮಾರಾಟದ ಪ್ರಮಾಣ ಐದು ಪಟ್ಟಾದಾಗ ಲಿಸ್ಟಿಂಗ್ ಶೇ 39ರಷ್ಟು ಕಡಿಮೆಯಾದಂತೆ ಕಾಣುತ್ತದೆ! ಮಾರಾಟವಾದದ್ದು ಪಟ್ಟಿಯಿಂದ ಹೋಗುತ್ತದೆ, ಕೊಳೆಯುತ್ತಿರುವುದು ಪಟ್ಟಿಯಲ್ಲೇ ಉಳಿಯುತ್ತದೆ. ಇಷ್ಟು ಸರಳ ಸಂಗತಿ ಸುದ್ದಿಯಲ್ಲಿ ಬರುವುದೇ ಇಲ್ಲ. ಇಂಥ ಇಳಿಕೆಯನ್ನು ಪತನವೆಂದು ಬರೆದರೆ, ಓದಿದ ಮಾರಾಟಗಾರರು ನಿಜಕ್ಕೂ ಗಂಟುಮೂಟೆ ಕಟ್ಟುತ್ತಾರೆ. ಸಣ್ಣ ತಾಣಕ್ಕೆ ಆ ಪೆಟ್ಟು ತಡೆಯುವ ಶಕ್ತಿ ಇರುವುದಿಲ್ಲ.

ಮೂರನೆಯದು ಒಂದೇ ಸಲ ಸಾವಿರಗಟ್ಟಲೆ ವಸ್ತು ಇಡುವ ಮಾರಾಟಗಾರರು ಬಂದುಹೋಗುವುದು. ಹಳೆಯ ಪುಸ್ತಕ, ಅಂಚೆಚೀಟಿ, ನಾಣ್ಯ, ಹಳೆಯ ಪೋಸ್ಟ್‌ಕಾರ್ಡ್, ಯಂತ್ರದ ಬಿಡಿಭಾಗಗಳಂಥ ವಿಭಾಗಗಳಲ್ಲಿ ಒಬ್ಬರೇ 20,000 ವಸ್ತುಗಳ ಪಟ್ಟಿಯಿರುವ, ಸಾಲಿಗೊಂದು ವಸ್ತುವಿನಂತೆ ಬರೆದ ಸಿಎಸ್‌ವಿ ಫೈಲನ್ನು ಒಂದೇ ಸಲ ಏರಿಸಬಹುದು. ಒಟ್ಟು 60,000 ಇರುವ ತಾಣದಲ್ಲಿ ಅದು ಒಂದೇ ರಾತ್ರಿಯಲ್ಲಿ ಮೂರನೇ ಒಂದು ಭಾಗದ ಏರಿಕೆ. ಅವಧಿ 30 ದಿನವಾಗಿದ್ದು ಅವರು ಫೈಲನ್ನು ಮತ್ತೆ ಏರಿಸದಿದ್ದರೆ, ಮೂವತ್ತು ದಿನ ಕಳೆಯುತ್ತಿದ್ದಂತೆ ಅಷ್ಟೂ ಒಂದೇ ಸಲಕ್ಕೆ ಮಾಯ. ಗ್ರಾಫ್‌ನಲ್ಲಿ ಗರಗಸದ ಹಲ್ಲಿನ ಹಾಗೆ ತಿಂಗಳಿಗೊಮ್ಮೆ ಏರಿ ಬೀಳುವ ಗೆರೆ ಕಂಡರೆ, ಅದು ಬಹುತೇಕ ಇಬ್ಬರು ಮೂವರು ಇಂಥ ಮಾರಾಟಗಾರರ ಗುರುತು.

ಈ ಫೈಲುಗಳು ಕೆಡುವ ಬಗೆಯೂ ಹಲವು. ಪ್ರತಿ ಸಾಲಿನಲ್ಲಿ ವಸ್ತುವಿನ ಗುರುತು ಸಂಖ್ಯೆಯ ಅಂಕಣ ಖಾಲಿಯಿದ್ದರೆ, ಎರಡನೇ ಸಲ ಏರಿಸಿದಾಗ ತಾಣ ಅವನ್ನು ಹಳೆಯ ವಸ್ತುಗಳೆಂದು ಗುರುತಿಸದೆ ಹೊಸದಾಗಿ ಸೇರಿಸಿಕೊಳ್ಳುತ್ತದೆ. 20,000 ಇದ್ದದ್ದು 40,000 ಆಗುತ್ತದೆ. ಯಾರೋ ಗಮನಿಸಿ ನಕಲುಗಳನ್ನು ಅಳಿಸಿದ ದಿನ ಅರ್ಧಕ್ಕೆ ಬೀಳುತ್ತದೆ. ತಾಣದವರು ವಿಭಾಗಗಳ ಸಂಖ್ಯೆಯನ್ನು ಬದಲಿಸಿದರೆ, ಹಳೆಯ ಸಂಖ್ಯೆ ಇರುವ ಸಾಲುಗಳೆಲ್ಲ ತಿರಸ್ಕೃತ. ತಪ್ಪಿನ ವರದಿ ಇಮೇಲ್‌ಗೆ ಹೋಗಿರುತ್ತದೆ, ಮಾರಾಟಗಾರರು ಅದನ್ನು ವಾರವಾದರೂ ತೆರೆದಿರುವುದಿಲ್ಲ. ಚಿತ್ರಗಳು ಬೇರೆ ಕಡೆ ಇದ್ದರೆ ಇನ್ನೊಂದು ಅಪಾಯ. 2017ರ ಬೇಸಿಗೆಯಲ್ಲಿ ಚಿತ್ರಗಳನ್ನು ಇಟ್ಟುಕೊಡುವ ತಾಣ ಫೋಟೊಬಕೆಟ್ ತನ್ನಲ್ಲಿಟ್ಟ ಚಿತ್ರಗಳನ್ನು ಬೇರೆ ತಾಣಗಳಲ್ಲಿ ತೋರಿಸಲು ವರ್ಷಕ್ಕೆ 399.99 ಡಾಲರ್ ಕೇಳಿತು. ಕಟ್ಟದವರ ಲಿಸ್ಟಿಂಗ್‌ಗಳಲ್ಲಿ ಚಿತ್ರದ ಜಾಗದಲ್ಲಿ ಸೂಚನಾಫಲಕ ಬಂದು ಕೂತಿತು. ಲಿಸ್ಟಿಂಗ್ ಎಣಿಕೆಯಲ್ಲಿತ್ತು, ಆದರೆ ಚಿತ್ರವಿಲ್ಲದ ವಸ್ತುವಿಗೆ ಬಿಡ್ ಹಾಕುವವರಾರು?

ಇನ್ನು ಶುಲ್ಕದ ಮಾತು. ದೊಡ್ಡ ತಾಣ ಶುಲ್ಕ ಏರಿಸಿದಾಗ ಅಥವಾ ನಿಯಮ ಬಿಗಿ ಮಾಡಿದಾಗ ಸಣ್ಣ ತಾಣಗಳಿಗೆ ಮಾರಾಟಗಾರರ ನೆರೆ ಬರುತ್ತದೆ. 2008ರ ಆರಂಭದಲ್ಲಿ ಇಬೇ ಲಿಸ್ಟಿಂಗ್ ಶುಲ್ಕ ಇಳಿಸಿ ಮಾರಾಟದ ಮೇಲಿನ ಕಮಿಷನ್ ಏರಿಸಿತು. ಕೊಂಡವರ ಬಗ್ಗೆ ಮಾರಾಟಗಾರರು ಕೆಟ್ಟ ಅಭಿಪ್ರಾಯ ದಾಖಲಿಸುವಂತಿಲ್ಲ ಎಂದೂ ಪ್ರಕಟಿಸಿತು. ಫೆಬ್ರವರಿಯಲ್ಲಿ ಮಾರಾಟಗಾರರು ಬಹಿಷ್ಕಾರಕ್ಕೆ ಕರೆ ಕೊಟ್ಟರು. ಇಂಥ ಸಂದರ್ಭದಲ್ಲಿ ವಲಸೆ ಬರುವವರು ಸಾಮಾನ್ಯವಾಗಿ ಸರಕನ್ನು ಅಲ್ಲಿಂದ ತೆಗೆದು ಇಲ್ಲಿಗೆ ತರುವುದಿಲ್ಲ, ಅಲ್ಲಿಯೂ ಇಟ್ಟು ಇಲ್ಲಿಯೂ ಇಡುತ್ತಾರೆ. ಎರಡು ಮೂರು ಸುತ್ತು ನೋಡಿ, ಬಿಡ್ ಬಾರದಿದ್ದರೆ ಸುಮ್ಮನಾಗುತ್ತಾರೆ. ನೆರೆ ಬಂದಷ್ಟೇ ಬೇಗ ಇಳಿಯುತ್ತದೆ.

ಉಚಿತವಾಗಿ ನಡೆಸುತ್ತಿದ್ದ ತಾಣ ಲಿಸ್ಟಿಂಗ್‌ಗೆ ಶುಲ್ಕ ಹಾಕಿದಾಗ ಏನಾಗುತ್ತದೆ ಎನ್ನುವುದಕ್ಕೆ ಯಾಹೂ ಆಕ್ಷನ್ಸ್ ಉದಾಹರಣೆ. ಅಮೆರಿಕದಲ್ಲಿ 2001ರ ಜನವರಿಯಲ್ಲಿ ಶುಲ್ಕ ಬಂದಾಗ ಅಲ್ಲಿನ ಲಿಸ್ಟಿಂಗ್‌ಗಳು ಭಾರಿಯಾಗಿ ಕುಸಿದವು. 2005ರಲ್ಲಿ ಶುಲ್ಕ ತೆಗೆದರೂ ಚೇತರಿಕೆ ಬರಲಿಲ್ಲ, 2007ರಲ್ಲಿ ಅಮೆರಿಕದ ಸೇವೆ ಮುಚ್ಚಿತು. ಶುಲ್ಕ ಸಣ್ಣದಿದ್ದರೂ ಮಾರಾಟಗಾರರು ಯಾಕೆ ಓಡುತ್ತಾರೆ? ಅವರು ಲೆಕ್ಕ ಹಾಕುವುದು ಲಿಸ್ಟಿಂಗ್‌ಗೆ ಎಷ್ಟು ಎಂದಲ್ಲ, ಮಾರಾಟವಾದ ವಸ್ತುವಿಗೆ ಎಷ್ಟು ಬಿತ್ತು ಎಂದು. ನೂರರಲ್ಲಿ 8 ಮಾರಾಟವಾಗುವ ಕಡೆ ಒಂದು ವಸ್ತು ಮಾರಾಟವಾಗಲು ಸರಾಸರಿ 12.5 ಲಿಸ್ಟಿಂಗ್ ಬೇಕು. ಹಾಗಾಗಿ ಲಿಸ್ಟಿಂಗ್‌ಗೆ 2 ರೂಪಾಯಿ ಎಂದರೆ ಮಾರಾಟಕ್ಕೆ 25 ರೂಪಾಯಿ. ನೂರು ರೂಪಾಯಿಯ ಅಂಚೆಚೀಟಿ ಮಾರುವವರಿಗೆ ಅದು ಕಾಲುಭಾಗ. ಅಗ್ಗದ ಸರಕು ಮೊದಲು ಪಟ್ಟಿಯಿಂದ ಹೋಗುತ್ತದೆ, ಎಣಿಕೆಯಲ್ಲಿ ಹೆಚ್ಚಿನ ಪಾಲು ಅದರದ್ದೇ ಆದ್ದರಿಂದ ಸಂಖ್ಯೆ ಧಡಕ್ಕನೆ ಬೀಳುತ್ತದೆ. ವಹಿವಾಟಿನ ಹಣ ಅಷ್ಟು ಬಿದ್ದಿರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ, ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವ ಸಂಗತಿ ಬಿಡ್ ಹಾಕುವವರದ್ದು. ಹರಾಜಿನಲ್ಲಿ ಬೆಲೆ ಏರಬೇಕಾದರೆ ಒಬ್ಬರಿದ್ದರೆ ಸಾಲದು, ಇಬ್ಬರು ಬೇಕು. ಒಬ್ಬರೇ ಬಂದರೆ ವಸ್ತು ಆರಂಭಿಕ ಬೆಲೆಗೇ ಹೋಗುತ್ತದೆ. ಒಂದು ವಸ್ತುವಿಗೆ ಸರಾಸರಿ ಇಬ್ಬರು ಆಸಕ್ತರಿರುವ ತಾಣದಲ್ಲಿ, ಅವರು ಯಾವ ವಸ್ತುವಿಗೆ ಬರುತ್ತಾರೆ ಎನ್ನುವುದು ಆಕಸ್ಮಿಕ ಎಂದುಕೊಂಡರೆ, ಕನಿಷ್ಠ ಇಬ್ಬರು ಎದುರುಬದುರಾಗುವ ಸಾಧ್ಯತೆ ಶೇ 59. ಆ ಸರಾಸರಿ ಒಂದಕ್ಕೆ ಇಳಿದರೆ ಶೇ 26. ಒಂದರ ಅರ್ಧಕ್ಕೆ ಇಳಿದರೆ ಶೇ 9 ಮಾತ್ರ. ಅಂದರೆ ಬಿಡ್ ಹಾಕುವವರು ಅರ್ಧವಾದರೆ ಪೈಪೋಟಿ ಅರ್ಧಕ್ಕಿಂತಲೂ ಕೆಳಗೆ ಕುಸಿಯುತ್ತದೆ. ಆಸಕ್ತರು ಅಷ್ಟೇ ಇದ್ದು ಅದೇ ಬಗೆಯ ಲಿಸ್ಟಿಂಗ್‌ಗಳು ಎರಡು ಪಟ್ಟಾದರೂ ಸರಾಸರಿ ಅರ್ಧವೇ ಆಗುತ್ತದೆ. ಆದ್ದರಿಂದ ಮೇಲೆ ಹೇಳಿದ ನೆರೆ ಬಂದಾಗ, ಸಂಖ್ಯೆ ಏರಿತೆಂದು ತಾಣದವರು ಸಂಭ್ರಮಿಸುವ ಹೊತ್ತಿಗೇ, ಮೊದಲಿನಿಂದಲೂ ಅಲ್ಲಿದ್ದ ಮಾರಾಟಗಾರರ ವಸ್ತುಗಳಿಗೆ ಬೆಲೆ ಬರುವುದು ನಿಲ್ಲುತ್ತದೆ.

ಆಮೇಲೆ ಅವರು ಏನು ಮಾಡುತ್ತಾರೆಂದರೆ, ಆರಂಭಿಕ ಬೆಲೆಯನ್ನೇ ತಮಗೆ ಬೇಕಾದ ಬೆಲೆಗೆ ಏರಿಸುತ್ತಾರೆ. ಅದು ಹೆಸರಿಗೆ ಹರಾಜು, ನಿಜದಲ್ಲಿ ನಿಗದಿತ ದರದ ಅಂಗಡಿ. ಮುಂದಿನ ಹೆಜ್ಜೆಯಾಗಿ ಹರಾಜು ಬಿಟ್ಟು ನಿಗದಿತ ದರದ ಲಿಸ್ಟಿಂಗ್‌ಗೇ ಹೋಗುತ್ತಾರೆ. ಅದರ ಅವಧಿ ಏಳು ದಿನವಲ್ಲ, ತಿಂಗಳುಗಟ್ಟಲೆ. ಇಬೇ ಕೂಡ 2019ರಲ್ಲಿ ನಿಗದಿತ ದರದ ಲಿಸ್ಟಿಂಗ್‌ಗಳಿಗೆಲ್ಲ, ರದ್ದು ಮಾಡುವವರೆಗೂ ತಿಂಗಳಿಗೊಮ್ಮೆ ತಾನಾಗಿ ನವೀಕರಣವಾಗುವ ಅವಧಿಯೊಂದನ್ನೇ ಉಳಿಸಿತು. ಕೆರೆಯ ಲೆಕ್ಕವನ್ನು ಇಲ್ಲಿ ನೆನೆಯಿರಿ: ನಿಲ್ಲುವ ದಿನಗಳು ಹೆಚ್ಚಿದರೆ ಮಟ್ಟ ಏರುತ್ತದೆ. ಹರಾಜು ಸಾಯುತ್ತಿರುವ ತಾಣದಲ್ಲಿ ಲಿಸ್ಟಿಂಗ್ ಸಂಖ್ಯೆ ದಾಖಲೆ ಮಟ್ಟಕ್ಕೆ ಏರುವುದು ಹೀಗೆ.

ಹೊರಗಿನ ಕಾರಣಗಳೂ ಇವೆ. ಗೂಗಲ್ ತನ್ನ ಸರಕು ಹುಡುಕಾಟವನ್ನು ಅಮೆರಿಕದಲ್ಲಿ 2012ರ ಅಕ್ಟೋಬರ್‌ನಲ್ಲಿ ಹಣ ಕೊಟ್ಟವರಿಗೆ ಮಾತ್ರ ಎಂದು ಮಾಡಿದಾಗ, ಉಚಿತವಾಗಿ ಅಲ್ಲಿಂದ ಗಿರಾಕಿಗಳನ್ನು ಪಡೆಯುತ್ತಿದ್ದ ಸಣ್ಣ ತಾಣಗಳ ಬುಡಕ್ಕೇ ಪೆಟ್ಟು ಬಿತ್ತು. 2020ರಲ್ಲಿ ಉಚಿತ ಲಿಸ್ಟಿಂಗ್ ಮರಳಿ ಬಂತು. ಗಡಿದಾಟಿ ಮಾರುವವರ ಮೇಲೆ ತೆರಿಗೆ ಮತ್ತು ಸುಂಕದ ನಿಯಮಗಳು ಕೆಲಸ ಮಾಡುತ್ತವೆ: ಯುರೋಪಿಯನ್ ಒಕ್ಕೂಟ 22 ಯೂರೊವರೆಗಿನ ಆಮದಿಗಿದ್ದ ವ್ಯಾಟ್ ವಿನಾಯಿತಿಯನ್ನು 2021ರ ಜುಲೈ 1ರಿಂದ ತೆಗೆಯಿತು, 2024ರ ಡಿಸೆಂಬರ್ 13ರಿಂದ ಉತ್ಪನ್ನ ಸುರಕ್ಷತೆಯ ಹೊಸ ನಿಯಮ ತಂದಿತು. ಅಮೆರಿಕ 800 ಡಾಲರ್‌ವರೆಗಿನ ಪಾರ್ಸೆಲ್‌ಗಳ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು. ಇಂಥ ದಿನಾಂಕಗಳ ಆಸುಪಾಸಿನ ಇಳಿಕೆಯನ್ನು ತಾಣದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಎಣಿಕೆಯಲ್ಲೇ ಆಗುವ ತಪ್ಪನ್ನೂ ಹೇಳಬೇಕು. ಮುಗಿದ ಹರಾಜುಗಳನ್ನು ಪಟ್ಟಿಯಿಂದ ತೆಗೆಯುವ ಪ್ರೋಗ್ರಾಂ ಒಂದು ರಾತ್ರಿ ಓಡದಿದ್ದರೆ ಸತ್ತವೂ ಬದುಕಿದವುಗಳ ಜೊತೆ ಎಣಿಕೆಯಾಗುತ್ತವೆ. ಐದು ಅಳತೆ, ನಾಲ್ಕು ಬಣ್ಣಗಳಿರುವ ಒಂದೇ ಅಂಗಿಯನ್ನು ಒಂದು ತಾಣ 1 ಎಂದು ಎಣಿಸಿದರೆ ಇನ್ನೊಂದು 20 ಎಂದು ಎಣಿಸುತ್ತದೆ. ಬಹಳ ಮಂದಿ ಹರಾಜು ಭಾನುವಾರ ಸಂಜೆ ಮುಗಿಯುವಂತೆ ಇಡುವುದರಿಂದ, ಭಾನುವಾರ ಮಧ್ಯಾಹ್ನದ ಸಂಖ್ಯೆಯನ್ನು ಸೋಮವಾರ ಬೆಳಗಿನ ಸಂಖ್ಯೆಯ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ.

ಆದ್ದರಿಂದ ನಿಮ್ಮ ಪತ್ರಿಕೆಯಲ್ಲಿ ನಮ್ಮ ಕೋರಿಕೆ: ಲಿಸ್ಟಿಂಗ್ ಸಂಖ್ಯೆ ಅಚ್ಚು ಮಾಡುವ ಮುನ್ನ ತಾಣದವರಿಂದ ಇನ್ನೂ ನಾಲ್ಕು ಅಂಕಿ ಕೇಳಿ. ರಿಲಿಸ್ಟ್ ಬಿಟ್ಟು ದಿನಕ್ಕೆ ಬಂದ ಹೊಸ ವಸ್ತುಗಳೆಷ್ಟು, ಮುಗಿದ ಹರಾಜುಗಳೆಷ್ಟು, ಅವುಗಳಲ್ಲಿ ಮಾರಾಟವಾದವೆಷ್ಟು, ಆ ವಾರ ಬಿಡ್ ಹಾಕಿದ ಬೇರೆ ಬೇರೆ ಜನರೆಷ್ಟು. ಕೊಡಲು ಒಪ್ಪದಿದ್ದರೆ, ಮುಗಿದ ಹರಾಜುಗಳ ಪುಟ ತೆರೆದಿರುವ ತಾಣಗಳಲ್ಲಿ ಯಾರು ಬೇಕಾದರೂ ಅರ್ಧ ದಿನದಲ್ಲಿ ಎಣಿಸಬಹುದು. ಮೂರು ವಿಭಾಗಗಳನ್ನು ಆರಿಸಿ, ಒಂದೊಂದರಲ್ಲೂ ಈಚೆಗೆ ಮುಗಿದ 50 ಹರಾಜುಗಳನ್ನು ಸಾಲಾಗಿ ತೆಗೆದುಕೊಳ್ಳಿ, ಚೆನ್ನಾಗಿ ಕಂಡವನ್ನು ಹೆಕ್ಕಬೇಡಿ. ಮಾರಾಟವಾದವನ್ನೂ, ಇಬ್ಬರು ಅಥವಾ ಹೆಚ್ಚು ಜನ ಬಿಡ್ ಹಾಕಿದವನ್ನೂ ಬೇರೆ ಬೇರೆ ಬರೆದುಕೊಳ್ಳಿ. ಬಿಡ್‌ಗಳ ಸಂಖ್ಯೆ ನೋಡಿ ಮೋಸಹೋಗಬೇಡಿ, ಒಬ್ಬರೇ ತಮ್ಮ ಮಿತಿಯನ್ನು ಮೂರು ಸಲ ಏರಿಸಿರಬಹುದು. ಬಿಡ್ ಬಂದರೂ ಮಾರಾಟಗಾರರು ಇಟ್ಟ ಗುಪ್ತ ಕನಿಷ್ಠ ಬೆಲೆ ಮುಟ್ಟದೆ ಮಾರಾಟವಾಗದಿರಬಹುದು. ಜೊತೆಗೆ ಹೊಸದಾಗಿ ಬಂದ 200 ಲಿಸ್ಟಿಂಗ್‌ಗಳಲ್ಲಿ ಎಷ್ಟು ಮಾರಾಟಗಾರರ ಹೆಸರುಗಳಿವೆ ಎಂದು ನೋಡಿ. ಮುಂದಿನ ತಿಂಗಳು ಅದೇ ವಾರದ ದಿನ, ಅದೇ ಗಂಟೆಗೆ ಮತ್ತೆ ಎಣಿಸಿ. 150 ಹರಾಜುಗಳ ಎಣಿಕೆಯಲ್ಲಿ ಮಾರಾಟದ ಪ್ರಮಾಣ ಶೇ 10ರ ಆಸುಪಾಸಿದ್ದರೆ, ಐದು ಅಂಶ ಆಚೀಚೆ ಆಗುವುದು ಬರಿಯ ಆಕಸ್ಮಿಕದಿಂದಲೂ ಸಾಧ್ಯ. ಹತ್ತು ಇದ್ದದ್ದು ಹನ್ನೆರಡಾಯಿತು ಎಂದು ಶೀರ್ಷಿಕೆ ಕೊಡಬೇಡಿ. ಹತ್ತು ಇದ್ದದ್ದು ಇಪ್ಪತ್ತಾದರೆ ಧಾರಾಳವಾಗಿ ಕೊಡಿ, ಮುಖಪುಟದ ಸಂಖ್ಯೆ ಆ ತಿಂಗಳು ಇಳಿದಿದ್ದರೂ.

ಇತಿ,
ಆನ್‌ಲೈನ್ ಹರಾಜು ವಹಿವಾಟಿನಲ್ಲಿರುವ ನಿಮ್ಮ ಓದುಗರು