ಗೆಳೆಯನಿಗೊಂದು ಪತ್ರ: ಐದು ಮಕ್ಕಳು, ಒಂದೇ ಮೇಜು

ಗೆಳೆಯಾ,

ನೀನು ಕಳಿಸಿದ ವೇಳಾಪಟ್ಟಿ ನೋಡಿದೆ. ಓದುವ ವಯಸ್ಸಿನ ನಾಲ್ವರು, ಒಬ್ಬೊಬ್ಬರಿಗೆ ಆರು ವಿಷಯ, ವಿಷಯಕ್ಕೆ ಅರ್ಧ ಗಂಟೆ. ಕೂಡಿಸಿ ನೋಡು, 12 ಗಂಟೆ ಆಗುತ್ತೆ. ಎರಡು ವರ್ಷದ ಪುಟ್ಟಿಯ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ. ಮನೆಯಲ್ಲೇ ಮಕ್ಕಳಿಗೆ ಪಾಠ ಮಾಡಲು ಹೊರಟ ಇನ್ನೂ ಕೆಲವರು, ಇಷ್ಟು ಮಕ್ಕಳಿಗೆ ಒಬ್ಬರೇ ಹೇಗೆ ಹೇಳಿಕೊಡೋದು ಅಂತ, ಇದನ್ನೇ ಕೇಳುತ್ತಿದ್ದಾರೆ, ಅದಕ್ಕೇ ಎಲ್ಲರೂ ಓದಲಿ ಅಂತ ಬಯಲಲ್ಲೇ ಬರೀತಿದ್ದೀನಿ. ಛತ್ರಿಯ ವಿಷಯ ಮಾತ್ರ ನಮ್ಮಿಬ್ಬರಲ್ಲೇ ಇರಲಿ.

ಮೊದಲು ವಿಷಯಗಳನ್ನು ಎರಡು ಪಾಲು ಮಾಡು. ಓದು, ಬರಹ, ಲೆಕ್ಕ ಇವು ಮೆಟ್ಟಿಲುಗಳು. ಒಂದು ಬಿಟ್ಟುಹೋದರೆ ಮುಂದಿನದು ಹತ್ತೋಕಾಗಲ್ಲ, ಹಾಗಾಗಿ ಒಬ್ಬೊಬ್ಬರಿಗೂ ಬೇರೆ ಬೇರೆ. ಚರಿತ್ರೆ, ವಿಜ್ಞಾನ, ಕಥೆ, ಚಿತ್ರ ಎಲ್ಲರಿಗೂ ಒಟ್ಟಿಗೆ, ಒಂದೇ ಗಂಟೆ. ನೀನು ಗಟ್ಟಿಯಾಗಿ ಓದು. ಆಮೇಲೆ ಐದು ವರ್ಷದವನು ಚಿತ್ರ ಬಿಡಿಸಲಿ, ಏಳರವಳು ಬಾಯಲ್ಲಿ ಹೇಳಲಿ, ಹತ್ತರವನು ಐದು ಸಾಲು, ಹನ್ನೆರಡರವಳು ಒಂದು ಪುಟ ಬರೆಯಲಿ. ಮೆಟ್ಟಿಲು ಪಾಠಕ್ಕೆ ಐದರವನಿಗೆ 25 ನಿಮಿಷ ಸಾಕು, ಏಳರವಳಿಗೆ 35, ಹತ್ತರವನಿಗೆ 25, ದೊಡ್ಡವಳಿಗೆ 30. ಒಟ್ಟು 115 ನಿಮಿಷ. ಒಂದು ಮಗುವಿನ ಪಕ್ಕ ಕೂತು ಹೇಳಿಕೊಡುವಾಗ ಅಷ್ಟು ಹೊತ್ತಿನಲ್ಲಿ ಆಗುವ ಕೆಲಸ ನಿನಗೇ ಆಶ್ಚರ್ಯ ತರಿಸುತ್ತೆ. ಒಟ್ಟಿಗೆ ಓದುವ ಆ ಒಂದು ಗಂಟೆ ಸೇರಿಸಿದರೂ ಮೂರು ಗಂಟೆಯೊಳಗೆ ನಿನ್ನ ಪಾಲಿನ ಪಾಠ ಮುಗಿಯುತ್ತೆ, ಉಳಿದದ್ದು ಅವರವರ ಅಭ್ಯಾಸ.

ಬೆಳಗಿನ ಮೊದಲ ಹತ್ತು ನಿಮಿಷ ಪುಟ್ಟಿಗೇ. ತೊಡೆ ಮೇಲೆ ಕೂರಿಸಿಕೊಂಡು ಅವಳ ಪುಸ್ತಕ ಓದಿಬಿಡು. ಕೊನೆಗೆ ನೋಡೋಣ ಅಂತ ಬಿಟ್ಟರೆ ಅವಳು ಎಲ್ಲರ ಪಾಠದಲ್ಲೂ ತನ್ನ ಪಾಲು ಕಿತ್ತುಕೊಳ್ಳುತ್ತಾಳೆ. ಪಾಠದ ಹೊತ್ತಲ್ಲಿ ಮಾತ್ರ ಹೊರಬರುವ ಒಂದು ಆಟಿಕೆ ಡಬ್ಬ ಇಟ್ಟುಕೋ. ಇಡೀ ದಿನ ಕೈಗೆ ಸಿಗುವ ಆಟಿಕೆಗೆ ಅವಳನ್ನು ಹಿಡಿದಿಡುವ ಶಕ್ತಿ ಇರಲ್ಲ.

ಒಬ್ಬರಿಗೆ ಹೇಳಿಕೊಡುವಾಗ ಉಳಿದವರು ಕರೆಯದ ಹಾಗೆ ಒಂದು ನಿಯಮ ಬೇಕು. ಲೆಕ್ಕ ಅರ್ಥ ಆಗಲಿಲ್ಲವೋ, ಅಂಚಿನಲ್ಲಿ ಚುಕ್ಕಿ ಇಟ್ಟು ಮುಂದಿನದಕ್ಕೆ ಹೋಗಬೇಕು. ಮೂರು ಚುಕ್ಕಿ ಆದರೆ ಎದ್ದು ಬರಬಹುದು. ತಿದ್ದುವುದು ಅದೇ ದಿನ. ವಾರದ ಕೊನೆಗೆ ನೀನು ನೋಡುವ ಹೊತ್ತಿಗೆ ಆ ತಪ್ಪನ್ನೇ ನಲವತ್ತು ಸಲ ಅಭ್ಯಾಸ ಮಾಡಿ ಮುಗಿಸಿರುತ್ತಾರೆ.

ಮಗ್ಗಿ ಕಂಡರೆ ಹೆದರಬೇಡ. ಹತ್ತರವರೆಗಿನ ನೂರು ಗುಣಾಕಾರಗಳಲ್ಲಿ 1, 2, 5, 10 ಸುಲಭದವು. ಏಳೆಂಟೂ ಎಂಟೇಳೂ ಒಂದೇ ಅಂತ ಗೊತ್ತಾದ ಮಗುವಿಗೆ ಗಟ್ಟಿ ಮಾಡಲು ಉಳಿಯುವುದು 21 ಮಾತ್ರ. ತಪ್ಪಿದ್ದನ್ನು ಮರುದಿನ ಕೇಳು, ಮೂರು ದಿನ ಬಿಟ್ಟು ಕೇಳು, ವಾರ ಬಿಟ್ಟು ಮತ್ತೆ ಕೇಳು. ಮರೆವು ಮೊದಮೊದಲೇ ಹೆಚ್ಚು ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹಾಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ತೋರಿಸಿದ್ದ.

ಇಷ್ಟಕ್ಕೇ ನಿಲ್ಲಿಸೋಣ ಅಂತಿದ್ದೆ, ಆಗುತ್ತಿಲ್ಲ.

ಕೇಳಿದವರಿಗೆಲ್ಲ ನಾನು ಹೇಳುತ್ತ ಬಂದ ಮಾತು ನಿನಗೂ ಗೊತ್ತು: ದೊಡ್ಡವರ ಕೈಲಿ ಚಿಕ್ಕವರಿಗೆ ಹೇಳಿಸಿ. ಈಚೆಗೆ ಆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿದೆ. ಮದರಾಸಿನ ಅನಾಥಾಲಯವೊಂದರಲ್ಲಿ ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿದ ಆಂಡ್ರ್ಯೂ ಬೆಲ್ ಅದರ ವರದಿ ಪ್ರಕಟಿಸಿದ್ದು 1797ರಲ್ಲಿ. ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಕೂಡ ಅಂಥದೇ ಪದ್ಧತಿ ನಡೆಸಿದ: ಒಬ್ಬ ಮೇಷ್ಟ್ರು, ನೂರಾರು ಮಕ್ಕಳು. ಅಕ್ಷರಕ್ಕೂ ಬಾಯಿಪಾಠಕ್ಕೂ ಅದು ಒದಗಿತು. ಅರ್ಥ ಮಾಡಿಸುವಲ್ಲಿ ಬರೀ ಯಂತ್ರವಾಯಿತು ಅನ್ನುವ ದೂರು ಬೆಳೆದು ಹತ್ತೊಂಬತ್ತನೇ ಶತಮಾನದ ನಡುವಿನ ಹೊತ್ತಿಗೆ ಆ ಪದ್ಧತಿ ಹಿಂದೆ ಸರಿಯಿತು.

ಮನೆಯಲ್ಲೂ ಹಾಗೇ ಆಗುತ್ತೆ. ಏಳರವಳು 52ರಲ್ಲಿ 28 ಕಳೆದು 36 ಅಂತ ಬರೆಯುತ್ತಾಳೆ. ಅಕ್ಕ ನೋಡಿ "24 ಬರಿ" ಅಂತಾಳೆ. ಪುಸ್ತಕದಲ್ಲಿ ಉತ್ತರ ಸರಿಯಾಯಿತು, ತಪ್ಪು ಮಾತ್ರ ಒಳಗೇ ಉಳಿಯಿತು. ಆ ಮಗು ಎರಡರಲ್ಲಿ ಎಂಟು ಹೋಗಲ್ಲ ಅಂತ ಎಂಟರಲ್ಲೇ ಎರಡು ಕಳೆದಿದೆ. ಅದಕ್ಕೆ ಬೇಕಾದ್ದು ಹತ್ತತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ. ಒಂದು ಕಟ್ಟು ಬಿಚ್ಚಿಸು. 12 ಬಿಡಿಯಲ್ಲಿ ಎಂಟು ತೆಗೆದರೆ ನಾಲ್ಕು, ಉಳಿದ ನಾಲ್ಕು ಕಟ್ಟಲ್ಲಿ ಎರಡು ತೆಗೆದರೆ ಎರಡು. ಅವಳ ಕೈಯಿಂದಲೇ ಬಿಚ್ಚಿಸಬೇಕು. ಹನ್ನೆರಡರ ಹುಡುಗಿಗೆ ಉತ್ತರ ಗೊತ್ತು. ತಪ್ಪಿನ ಬೇರು ಹುಡುಕುವುದು ಅವಳ ಕೆಲಸ ಅಲ್ಲ, ಅದನ್ನು ಅವಳ ಮೇಲೆ ಹೊರಿಸಲೂಬಾರದು. ಅವಳಿಗೂ ತನ್ನದೇ ಪಾಠವಿದೆ, ತನ್ನದೇ ಬಾಲ್ಯವಿದೆ. ಎಷ್ಟು ಮನೆಗಳಲ್ಲಿ ನನ್ನ ಮಾತು ನಂಬಿ ಒಬ್ಬ ಅಕ್ಕ ಸಂಬಳವಿಲ್ಲದ ಮೇಡಂ ಆಗಿ ಕೂತಿದ್ದಾಳೋ ಅಂತ ಯೋಚಿಸಿದರೆ ನಿದ್ದೆ ಹತ್ತಲ್ಲ. ಇದನ್ನು ಇಷ್ಟು ಬಿಡಿಸಿ ಬರೆಯುವ ಉದ್ದೇಶ ನನಗಿರಲಿಲ್ಲ.

ಈಗ ಹೇಳುವುದಾದರೆ, ದೊಡ್ಡವಳಿಗೆ ದಿನಕ್ಕೆ ಹದಿನೈದು ನಿಮಿಷ ಮೀರಿಸಬೇಡ. ಓದು ಕೇಳಿಸಿಕೊಳ್ಳುವುದು, ಮಗ್ಗಿ ಒಪ್ಪಿಸಿಕೊಳ್ಳುವುದು, ಉಕ್ತಲೇಖನ ಕೊಡುವುದು, ಇಷ್ಟೇ. ಹೊಸ ಪಾಠ ಯಾವತ್ತೂ ನಿನ್ನದೇ.

ಇನ್ನೊಂದು, ಹತ್ತರವನು. ಗಲಾಟೆ ಮಾಡಲ್ಲ, ಕೇಳಿದಾಗೆಲ್ಲ "ಆಯ್ತು" ಅಂತಾನೆ. ದೊಡ್ಡ ಸಂಸಾರದಲ್ಲಿ ಎಲ್ಲರ ಕಣ್ಣು ತಪ್ಪುವುದು ಇಂಥ ಮಗುವೇ. ಗೋಡೆಗೆ ಹಾಳೆ ಅಂಟಿಸಿ ಐದು ಮನೆ ಗೆರೆ ಹಾಕು. ಯಾರ ಪಕ್ಕ ಹೋಗಿ ಕೂತರೂ ಅವರ ಮನೆಯಲ್ಲಿ ಗೀಟು ಎಳೆ. ಒಂದು ವಾರ ಸಾಕು. ಅವನ ಮನೆಯಲ್ಲಿ ಗೀಟು ಕಡಿಮೆ ಕಂಡರೆ ವಾರಕ್ಕೆ ಎರಡು ಸಲ ಪುಸ್ತಕ ಮುಚ್ಚಿಸಿ, ಕಲಿತದ್ದನ್ನು ಅವನ ಬಾಯಿಂದ ಹೇಳಿಸು, ಒಬ್ಬನನ್ನೇ ಕೂರಿಸಿಕೊಂಡು. ಉಳಿದವರಿದ್ದರೆ ಅವನಿಗಿಂತ ಮೊದಲು ಅವರೇ ಉತ್ತರ ಹೇಳಿಬಿಡುತ್ತಾರೆ.

ಸರಿ, ಬಹಳ ಭಾರ ಹೊರಿಸಿದೆ. ಪುಟ್ಟಿಗೆ ಮುತ್ತು. ವಾರ ಕಳೆದ ಮೇಲೆ ಆ ಹಾಳೆಯ ಫೋಟೋ ಕಳಿಸು, ಪುಟ್ಟಿ ಬಣ್ಣ ಬಳಿದಿದ್ದರೂ ಪರವಾಗಿಲ್ಲ. ಛತ್ರಿ ವಾಪಸ್ ಕೇಳಬೇಡ, ಮಳೆ ಇನ್ನೂ ನಿಂತಿಲ್ಲ.

ನಿನ್ನ,
ಮೂರನೇ ಬೆಂಚಿನವನು